ಟ್ಯೂಬಾದವನ ತುಟಿ

ಮುಖ ಅಡಗಿಸಿಕೊಂಡು ಬದುಕಬೇಕೆಂದು ತೀರ್ಮಾನಿಸಿದವನಿಗೆ ಈ ಲೋಕದಲ್ಲಿ ಎರಡು ಒಳ್ಳೆಯ ಕಸುಬುಗಳಿವೆ. ಒಂದು, ನೀರಿನ ಮೀಟರ್ ಓದುವುದು. ಇನ್ನೊಂದು, ಬ್ಯಾಂಡಿನಲ್ಲಿ ಟ್ಯೂಬಾ ಎಂಬ ದೈತ್ಯ ಹಿತ್ತಾಳೆ ಕಹಳೆ ಊದುವುದು. ಹಾಗಲ ಎರಡನ್ನೂ ಹಿಡಿದಿದ್ದ, ಎರಡರಲ್ಲೂ ಸುಖವಾಗಿದ್ದ.

ಹಾಗಲ ಅನ್ನುವುದು ಹೆತ್ತವರು ಇಟ್ಟ ಹೆಸರಲ್ಲ ಬಿಡಿ. ಹದಿನೈದು ತುಂಬುವ ಹೊತ್ತಿಗೆ ಅವನ ಮುಖದ ಮೇಲೆ ಮೊಡವೆಗಳು ಸಾಲುಗಟ್ಟಿದವು. ಬಂದು ಹೋಗುವ ಮೊಡವೆಗಳಲ್ಲ. ಗೋಲಿ ಗಾತ್ರದವು, ಚರ್ಮದ ಆಳದಲ್ಲಿ ಬೇರು ಬಿಟ್ಟು, ಮುಟ್ಟಿದರೆ ಜೀವ ಹೋಗುವಷ್ಟು ನೋಯುವಂಥವು. ಒಂದು ಆರಿ ಕಲೆ ಬಿಡುವಷ್ಟರಲ್ಲಿ ಪಕ್ಕದಲ್ಲಿ ಇನ್ನೆರಡು ಎದ್ದಿರುತ್ತಿದ್ದವು. ತರಗತಿಯ ಯಾರೋ ಪುಣ್ಯಾತ್ಮ ಒಂದು ದಿನ ‘ಹಾಗಲಕಾಯಿ’ ಎಂದ. ಅವತ್ತಿನಿಂದ ಸ್ವಂತ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿಯಿತು. ಅಮ್ಮ ಕೂಡ ಸಿಟ್ಟು ಬಂದಾಗ ಹಾಗಲ ಎಂದು ಕೂಗಿಬಿಟ್ಟು ಆಮೇಲೆ ನಾಲಿಗೆ ಕಚ್ಚಿಕೊಳ್ಳುತ್ತಿದ್ದಳು.

ಮೀಟರ್ ಓದುವ ಕೆಲಸದ ಚೆಂದವೆಂದರೆ ಮೀಟರುಗಳು ನೆಲದ ಗುಂಡಿಯೊಳಗೆ ಇರುತ್ತವೆ. ಮನೆಯ ಪಕ್ಕದ ಓಣಿಯಲ್ಲಿ ಹೋಗಬೇಕು, ಕಬ್ಬಿಣದ ಮುಚ್ಚಳ ಎತ್ತಬೇಕು, ಮೊಣಕಾಲೂರಿ ಟಾರ್ಚ್ ಬಿಟ್ಟು, ಗಾಜಿನ ಮೇಲಿನ ಕೆಸರನ್ನು ಹೆಬ್ಬೆರಳಿನಿಂದ ಒರೆಸಿ, ಅಂಕಿ ಬರೆದುಕೊಂಡು ಎದ್ದು ಹೋಗಬೇಕು. ಮನೆಯವರು ಬಾಗಿಲಿಗೆ ಬಂದರೆ ಟೋಪಿ ಮಾತನಾಡುತ್ತದೆ, ಮುಖವಲ್ಲ. ಇಪ್ಪತ್ತಾರನೇ ವಯಸ್ಸಿಗೆ ನಾನೂರು ಮನೆಯವರಿಗೆ ಅವನ ಬೆನ್ನಿನ ಪರಿಚಯ ಬಹಳ ಚೆನ್ನಾಗಿತ್ತು.

ಇನ್ನು ಟ್ಯೂಬಾ. ನೀರು ಸರಬರಾಜು ಇಲಾಖೆಗೆ ಬ್ಯಾಂಡ್ ಯಾಕೆ ಬೇಕು ಎಂದು ಕೇಳಬೇಡಿ, ಇಲಾಖೆಗೇ ಗೊತ್ತಿಲ್ಲ. ಯಾವ ಕಾಲದಲ್ಲೋ ಯಾವುದೋ ಅಧಿಕಾರಿಗೆ ಹುಕಿ ಬಂದು ಹದಿನಾಲ್ಕು ಜನರ ಬ್ಯಾಂಡ್ ಕಟ್ಟಿಸಿದ್ದ, ಮುಚ್ಚಿಸಲು ಮುಂದಿನವರು ಮರೆತರು, ಅಷ್ಟೇ. ಹಾಗಲ ಅಲ್ಲಿಗೆ ಸೇರಿದಾಗ ಮೊದಲು ನೋಡಿದ್ದು ಯಾವ ವಾದ್ಯ ಎಲ್ಲಕ್ಕಿಂತ ದೊಡ್ಡದು ಎಂದು. ಕೊನೆಯ ಸಾಲಿನಲ್ಲಿ ಕೂತು ಟ್ಯೂಬಾ ತಬ್ಬಿಕೊಂಡರೆ ಎದುರಿನವರಿಗೆ ಎರಡು ಮೊಣಕಾಲು ಮತ್ತು ಒಂದು ಹಿತ್ತಾಳೆಯ ಗುಡ್ಡ ಮಾತ್ರ ಕಾಣುತ್ತಿತ್ತು. ಎಂಟು ವರ್ಷ ಅವನು ಆ ಗುಡ್ಡದ ಹಿಂದೆ ಕೂತು ‘ಬೋಂ, ಬೋಂ’ ಎಂದು ಊದಿದ. ಹಾಡು ಯಾವುದಾದರೂ ಅವನ ಪಾಲಿಗೆ ಬರುತ್ತಿದ್ದದ್ದು ಬೋಂ ಒಂದೇ.

ಬ್ಯಾಂಡಿನ ಯಜಮಾನರು ಪಂಪ್‌ಹೌಸಿನ ಆಪರೇಟರು. ಎಲ್ಲರೂ ಅವರನ್ನು ಮೇಷ್ಟ್ರು ಎನ್ನುತ್ತಿದ್ದರು. ಬೆಳಿಗ್ಗೆ ಆರರಿಂದ ಎಂಟರವರೆಗೆ ಪಂಪ್‌ಹೌಸಿನಲ್ಲೇ ಅಭ್ಯಾಸ. ಮೇಷ್ಟ್ರದ್ದು ಒಂದೇ ಒಂದು ಕಟ್ಟಪ್ಪಣೆ: ಊದುವ ಮುಂಚೆ ಒಂದು ತುತ್ತೂ ಹೊಟ್ಟೆಗೆ ಹೋಗಕೂಡದು. “ಹೊಟ್ಟೇಲಿ ಇರೋ ಜಾಗ ಒಂದೇ ಕಣ್ರಯ್ಯಾ. ಅನ್ನ ಕೂತ್ರೆ ಉಸಿರೆಲ್ಲಿ ಕೂರುತ್ತೆ?” ಎನ್ನುತ್ತ ಬಾಗಿಲಲ್ಲಿ ನಿಂತು ಒಬ್ಬೊಬ್ಬರನ್ನೂ “ಬಾಯಿ ಬಿಡು” ಎಂದು ಮೂಸಿ ನೋಡಿಯೇ ಒಳಗೆ ಬಿಡುತ್ತಿದ್ದರು. ಒಮ್ಮೆ ಪೀಪಾಯಿ ಎಂಬ ಅಡ್ಡಹೆಸರಿನ ಡ್ರಮ್ಮಿನವನು ಬಿಸ್ಕತ್ತು ತಿಂದು ಬಂದು ಸಿಕ್ಕಿಬಿದ್ದ. “ನಾನು ಊದೋದೇ ಇಲ್ವಲ್ಲ ಮೇಷ್ಟ್ರೇ, ಬಾರಿಸೋದು!” ಎಂದು ಅವನು ಗೋಗರೆದರೂ ಬಿಡಲಿಲ್ಲ, ಹೊರಗೇ ನಿಲ್ಲಿಸಿದರು.

ಹೀಗಿರುವಾಗ ಊರ ಪಾರ್ಕಿನ ಪಕ್ಕದಲ್ಲಿ ಹೊಸ ನೀರಿನ ಟ್ಯಾಂಕ್ ಕಟ್ಟುವುದೆಂದಾಯಿತು. ಉದ್ಘಾಟನೆಗೆ ಆರು ತಿಂಗಳು. ಮೇಷ್ಟ್ರು ಒಂದು ಬೆಳಿಗ್ಗೆ ಹಳೆಯ ಫೈಲೊಂದನ್ನು ಎದೆಗವಚಿಕೊಂಡು ಬಂದರು. ಹದಿನೈದು ವರ್ಷ ಪಂಪ್ ಓಡಿಸುತ್ತ, ಲಾಗ್ ಹಾಳೆಗಳ ಹಿಂಬದಿಯಲ್ಲಿ ಅವರು ಒಂದು ಸಂಗೀತ ಬರೆದಿದ್ದರು. ನೀರು ನದಿಯಿಂದ ಹೊರಟು ಕೊಳವೆಯಲ್ಲಿ ಏರಿ ಟ್ಯಾಂಕ್ ತುಂಬುವ ಕಥೆ. ನಡುವೆ ಎಲ್ಲ ವಾದ್ಯಗಳೂ ನಿಲ್ಲುತ್ತವೆ. ಎರಡೂವರೆ ನಿಮಿಷ ಟ್ಯೂಬಾ ಒಂದೇ. ಟ್ಯೂಬಾವೇ ನೀರು.

“ನೀನು ಮುಂದಕ್ಕೆ ಬಂದು ನಿಂತ್ಕೊಂಡು ಊದ್ಬೇಕು” ಎಂದರು ಮೇಷ್ಟ್ರು.

ಹಾಗಲ ಟ್ಯೂಬಾವನ್ನು ಇನ್ನಷ್ಟು ಬಿಗಿಯಾಗಿ ತಬ್ಬಿಕೊಂಡ. “ಕೂತ್ಕೊಂಡೇ ಊದ್ಲಾ ಮೇಷ್ಟ್ರೇ?”

“ಟ್ಯಾಂಕ್ ಎಲ್ಲಾದ್ರೂ ಕೂತ್ಕೊಂಡಿರುತ್ತೇನಯ್ಯಾ?”

ನಿಂತು ಹೆಗಲಪಟ್ಟಿಯಲ್ಲಿ ನೇತು ಹಾಕಿಕೊಂಡರೆ ಟ್ಯೂಬಾ ಪಕ್ಕಕ್ಕೆ ಸರಿಯುತ್ತದೆ, ಮುಖ ಬಟಾಬಯಲು. ಊರಿಗೆ ಊರೇ ಎದುರು ಕೂತಿರುತ್ತದೆ. ಆಗುವುದಿಲ್ಲ ಎನ್ನಲು ಬಾಯಿ ತೆರೆದ ಹಾಗಲ, ಅಷ್ಟರಲ್ಲಿ ಹಾಳೆಯ ಮೇಲೆ ಕಣ್ಣು ಹಾಯಿಸಿದ. ಹಾಯಿಸಿದ್ದೇ ತಪ್ಪಾಯಿತು. ಅದು ಬೋಂ ಬೋಂ ಆಗಿರಲಿಲ್ಲ. ನಿಜವಾದ ಹಾಡು, ಕೆಳಗಿನಿಂದ ಮೆಲ್ಲಗೆ ಏರುತ್ತ, ತಿರುಗುತ್ತ, ತುಂಬಿ ತುಳುಕುವಂಥದ್ದು. ಟ್ಯೂಬಾದವನ ಬದುಕಿನಲ್ಲಿ ಅಂಥದ್ದು ಒಮ್ಮೆ ಬಂದರೆ ಹೆಚ್ಚು. ಅವನಿಗೆ ಅದು ಬೇಕೇ ಬೇಕು ಅನ್ನಿಸಿತು, ಎಷ್ಟು ಬೇಕು ಅನ್ನಿಸಿತೆಂದರೆ ಸಂಜೆ ನೆಟ್ಟಗೆ ಅಕ್ಕನ ಮನೆಗೆ ಹೋಗಿ, “ಅಕ್ಕಾ, ಆರು ತಿಂಗಳಲ್ಲಿ ನನ್ನ ಮುಖ ಸರಿ ಮಾಡಿಸು” ಎಂದ.

ಕಡಲೆಹಿಟ್ಟು, ಅರಿಸಿನ, ಮಂಜುಗಡ್ಡೆ, ಟೂತ್‌ಪೇಸ್ಟು, ಯಾರೋ ಹೇಳಿದ ಬೇರಿನ ಕಷಾಯ ಎಲ್ಲವನ್ನೂ ಆ ಮುಖ ಜೀರ್ಣಿಸಿಕೊಂಡಾಗಿತ್ತು. ಅಕ್ಕ ಮೂರು ತಿಂಗಳ ಬಸುರಿ. ವಾಂತಿ ತಡೆದುಕೊಳ್ಳುತ್ತಲೇ ತಮ್ಮನನ್ನು ಚರ್ಮದ ಡಾಕ್ಟರ ಬಳಿ ಎಳೆದುಕೊಂಡು ಹೋದಳು.

ಡಾಕ್ಟರು ದೀಪದ ಕೆಳಗೆ ಮುಖ ತಿರುಗಿಸಿ ತಿರುಗಿಸಿ ನೋಡಿದರು. “ಚರ್ಮದ ಒಂದೊಂದು ರಂಧ್ರದ ಕೆಳಗೂ ಒಂದು ಪುಟ್ಟ ಎಣ್ಣೆಗಾಣ ಇರುತ್ತೆ. ನಿಮ್ಮವು ಮೂರು ಪಾಳೀಲಿ ಕೆಲಸ ಮಾಡ್ತಿವೆ. ಎಣ್ಣೆ ಜಾಸ್ತಿ, ಹೊರಗೆ ಹೋಗೋ ದಾರಿ ಕಟ್ಕೊಂಡಿದೆ, ಒಳಗೇ ಊದ್ಕೊಳ್ತಿದೆ.”

“ಪೈಪು ಬ್ಲಾಕ್ ಆಗಿದೆ” ಎಂದ ಹಾಗಲ. ಇದು ಅವನ ಇಲಾಖೆಯ ವಿಷಯ.

“ಹಾಗೇ ಅಂದ್ಕೊಳ್ಳಿ. ಮುಲಾಮು ಹಚ್ಚಿದ್ರೆ ಪೈಪಿನ ಬಾಯಿ ಒರೆಸಿದ ಹಾಗೆ ಅಷ್ಟೆ. ಈ ಮದ್ದು ಗಾಣವನ್ನೇ ಕುಗ್ಗಿಸುತ್ತೆ.” ಡಾಕ್ಟರು ಐಸೊಟ್ರೆಟಿನಾಯಿನ್ ಎಂದು ಬರೆದರು. ಎ ಜೀವಸತ್ವದ ದಾಯಾದಿ. ಅದಕ್ಕೇ ಬೇರೆ ಎ ಜೀವಸತ್ವದ ಮಾತ್ರೆ ಇದರ ಜೊತೆ ಸೇರಿಸಕೂಡದು. ಲಿವರಿಗೂ ಕೊಬ್ಬಿಗೂ ರಕ್ತ ಪರೀಕ್ಷೆ ಆಗಬೇಕು. ಮದ್ದು ಮುಗಿದು ಒಂದು ತಿಂಗಳಾಗುವವರೆಗೆ ರಕ್ತದಾನ ಇಲ್ಲ. ಮೊದಮೊದಲು ಮುಖ ಇನ್ನಷ್ಟು ಕೆಡಬಹುದು, ಹೆದರಬಾರದು. “ಮತ್ತೆ ತುಟಿ ಒಣಗುತ್ತೆ. ಎಲ್ಲರಿಗೂ ಒಣಗುತ್ತೆ. ಒಡೆದೂ ಒಡೆಯುತ್ತೆ.”

ತುಟಿ ಎಂದ ಕೂಡಲೇ ಹಾಗಲನ ಕಿವಿ ಮುಚ್ಚಿಹೋಯಿತು. ಟ್ಯೂಬಾ ಕೈಯಲ್ಲಿ ಹಿಡಿಯುವುದು, ಊದುವುದು ತುಟಿಯಲ್ಲಿ! ಟ್ಯೂಬಾದವನು ಎಂದರೆ ಮದ್ದೇ ಕೊಡದಿದ್ದರೆ? ಅವನು ತುಟಿಪಿಟಕ್ಕೆನ್ನದೆ ಕೂತ. ಡಾಕ್ಟರು “ದಿನಕ್ಕೊಂದು, ಊಟದ ಜೊತೆ” ಎಂದದ್ದರಲ್ಲಿ ‘ದಿನಕ್ಕೊಂದು’ ಮಾತ್ರ ಒಳಗೆ ಹೋಯಿತು, ‘ಊಟದ ಜೊತೆ’ ಕಿವಿಯ ಹೊರಗೇ ಉಳಿಯಿತು.

ಅಷ್ಟರಲ್ಲಿ ಡಾಕ್ಟರು ಅಕ್ಕನ ಕಡೆ ತಿರುಗಿದ್ದರು. “ಅಮ್ಮಾ, ಈ ಮಾತ್ರೆ ಬಸುರಿಯರ ಹೊಟ್ಟೆಗೆ ಹೋದ್ರೆ ಮಗೂಗೆ ದೊಡ್ಡ ಹಾನಿ. ಒಂದೇ ಮಾತ್ರೆ ಆದ್ರೂ. ಯಾವ ಹೆಂಗಸಿಗೂ ಇದನ್ನ ಹಂಚೋ ಹಾಗಿಲ್ಲ. ನೀವಂತೂ ಮುಟ್ಟೋದೇ ಬೇಡ.”

ಅಕ್ಕ ಬಾಲ ತುಳಿಸಿಕೊಂಡ ಬೆಕ್ಕಿನಂತೆ ಹಾರಿ ಕುರ್ಚಿ ಹಿಂದೆ ಸರಿಸಿದಳು. ದಿನಾ ಮಧ್ಯಾಹ್ನ ಅವಳು ಊಟಕ್ಕೆ ಬರುವುದು ಅಮ್ಮ, ಹಾಗಲ ಇರುವ ಮನೆಗೆ. ಅವತ್ತೇ ಅಡುಗೆಮನೆಯ ಕಪಾಟಿನಲ್ಲಿ ಮಾತ್ರೆಯ ಡಬ್ಬಿ ಕಂಡು ಅಮ್ಮನನ್ನು ಕೂಗಿ, ಇಕ್ಕಳದಲ್ಲಿ ಎತ್ತಿಸಿ ಅಂಗಳದಲ್ಲಿಡಿಸಿದಳು. “ಇದು ಈ ಮನೆ ಹೊಸಿಲು ದಾಟಿದ್ರೆ ನಾನು ದಾಟಲ್ಲ” ಎಂದು ಕಡ್ಡಿ ತುಂಡು ಮಾಡಿದಂತೆ ಹೇಳಿದಳು. ಡಾಕ್ಟರು ಹೇಳಿದ್ದಕ್ಕಿಂತ ನಾಲ್ಕು ಪಟ್ಟು ಹೆಚ್ಚಾಯಿತು ನಿಜ, ಆದರೆ ಬಸುರಿಯ ಜೊತೆ ವಾದ ಮಾಡಿ ಗೆದ್ದವರು ಯಾರು?

ಡಬ್ಬಿ ಎಲ್ಲಿಡುವುದು? ಹಾಗಲನಿಗೆ ಸ್ವಂತದ್ದೆಂದು ಮನೆಯಾಚೆ ಇದ್ದ ಜಾಗ ಒಂದೇ: ಪಂಪ್‌ಹೌಸಿನಲ್ಲಿದ್ದ ಟ್ಯೂಬಾದ ಪೆಟ್ಟಿಗೆ. ಪೆಟ್ಟಿಗೆಯ ಒಳಜೇಬಿನಲ್ಲಿ, ವಾದ್ಯದ ಬೆರಳಲ್ಲಿ ಒತ್ತುವ ಕವಾಟಗಳಿಗೆ ಬಿಡುವ ಎಣ್ಣೆಯ ಬಾಟಲಿಯ ಪಕ್ಕ ಮಾತ್ರೆಗಳು ಬೆಚ್ಚಗೆ ಕೂತವು. ಆರಕ್ಕೆ ಹತ್ತು ನಿಮಿಷ ಇರುವಾಗ ಮೇಷ್ಟ್ರ ಮೂಗಿಗೆ ಬಾಯಿ ತೋರಿಸಿ ಒಳಗೆ ಬರುವುದು, ಪೆಟ್ಟಿಗೆ ತೆರೆಯುವುದು, ನಲ್ಲಿ ನೀರಿನಲ್ಲಿ ಒಂದು ಮಾತ್ರೆ ನುಂಗುವುದು, ಊದುವುದು. ಒಂದು ದಿನವೂ ತಪ್ಪಿಸಲಿಲ್ಲ. ಅಷ್ಟು ಶಿಸ್ತು!

ಒಂದು ತಿಂಗಳಾಯಿತು. ತುಟಿ ಒಣಗಲಿಲ್ಲ. ಒಂದೂವರೆ ತಿಂಗಳಾಯಿತು, ತುಟಿ ಬೆಣ್ಣೆಯಂತೆ ನುಣ್ಣಗೇ ಇತ್ತು. ಹಾಗಲನಿಗೆ ಹೆಮ್ಮೆ ಹೊಟ್ಟೆಯೊಳಗೆ ಹಿಡಿಸದಾಯಿತು. “ಎಲ್ಲರಿಗೂ ಒಡೆಯುತ್ತಂತೆ ಕಣೇ ಅಕ್ಕಾ! ಎಂಟು ವರ್ಷ ಟ್ಯೂಬಾ ಊದಿದ ತುಟಿ ಇದು. ತುಟಿ ಅಲ್ಲ, ಬೂಟು!” ಎಂದು ಕುಣಿದ.

“ಮೊಡವೆ?” ಎಂದಳು ಅಕ್ಕ.

ಮೊಡವೆ ಇದ್ದಲ್ಲೇ ಇತ್ತು. ಜೊತೆಗೆ ಮೂರು ಹೊಸಬರನ್ನು ಸೇರಿಸಿಕೊಂಡಿತ್ತು. ‘ಮೊದಮೊದಲು ಕೆಡುತ್ತದೆ’ ಎಂದಿದ್ದರಲ್ಲ ಡಾಕ್ಟರು, ಅದನ್ನೇ ನೆಚ್ಚಿಕೊಂಡು ಅವನು ಎರಡನೇ ತಿಂಗಳನ್ನೂ ದಾಟಿಸಿದ.

ಮೂರನೇ ಬಾರಿ ಮಾತ್ರೆ ಕೊಳ್ಳಲು ಹೋದಾಗ ಔಷಧಿ ಅಂಗಡಿಯ ಹುಡುಗಿ ಅವನನ್ನು ಹಿಡಿದಳು. ಅಲ್ಲಿಯವರೆಗೆ ಹಾಗಲನಿಗೆ ಗೊತ್ತಿದ್ದದ್ದು ಕೌಂಟರಿನ ಗಾಜು, ಅದರ ಮೇಲೆ ಅವಳ ಎರಡು ಕೈ, ಕಿರುಬೆರಳಿನ ಶಾಯಿ ಕಲೆ. ಅವಳು ಹಳೆಯ ಚೀಟಿ ನೋಡಿದಳು, ಮಾತ್ರೆಯ ಪಟ್ಟಿ ತೆಗೆದಳು, ಕೊಡಲಿಲ್ಲ.

“ತಲೆ ಎತ್ತಿ ಸ್ವಲ್ಪ.”

“ಯಾಕೆ ಮೇಡಂ?”

“ಎತ್ತೀಂದ್ರೆ.”

ಎತ್ತಿದ. ದಪ್ಪ ಕನ್ನಡಕದ ಹಿಂದಿನಿಂದ ಎರಡು ಕಣ್ಣು ಅವನ ಮುಖವನ್ನೇ ನೋಡಿದವು. ಪಕ್ಕಕ್ಕೆ ಸರಿಯಲಿಲ್ಲ, ಅಯ್ಯೋ ಪಾಪ ಎನ್ನಲೂ ಇಲ್ಲ, ಅವನು ಮೀಟರ್ ಓದುವ ಹಾಗೆ ಓದಿದವು. ಹಾಗಲ ಟೋಪಿಯ ಅಂಚಿಗೆ ಕೈ ಹಾಕಿದ.

“ಎರಡು ತಿಂಗಳಾಯ್ತು. ನಿಮ್ಮ ತುಟಿ ನೋಡಿದ್ರೆ ಈಗ ತಾನೇ ಹುಟ್ಟಿದ ಮಗೂದು ಇದ್ದ ಹಾಗಿದೆ. ಮಾತ್ರೆ ಯಾರಿಗೆ ತಿನ್ನಿಸ್ತಿದೀರಿ? ಬೆಕ್ಕಿಗಾ?”

“ನಾನೇ ನುಂಗ್ತಿದೀನಿ ಮೇಡಂ! ನನ್ನ ತುಟಿ ಗಟ್ಟಿ, ಅದಕ್ಕೆ...”

“ಈ ಮದ್ದಿನ ಮುಂದೆ ಯಾವ ತುಟೀನೂ ಗಟ್ಟಿ ಅಲ್ಲ. ತುಟಿ ಒಣಗೋದೇ ಮದ್ದು ಮೈಗೆ ಹತ್ತಿದೆ ಅನ್ನೋದಕ್ಕೆ ರಸೀದಿ. ಯಾವಾಗ ತಗೋತೀರಿ?”

“ಬೆಳಿಗ್ಗೆ ಆರಕ್ಕೆ. ಅಭ್ಯಾಸಕ್ಕೆ ಮುಂಚೆ.”

“ಏನು ತಿಂದು?”

“ಏನೂ ತಿನ್ನೋ ಹಾಗಿಲ್ಲ. ಮೇಷ್ಟ್ರು ಮೂಸ್ತಾರೆ.”

ಅವಳು ಕನ್ನಡಕ ತೆಗೆದು ಕೌಂಟರಿನ ಮೇಲಿಟ್ಟು, ಹೊಟ್ಟೆ ಹಿಡಿದುಕೊಂಡು ನಕ್ಕಳು. ಇಕ್ಕಳ, ಅಂಗಳ, ಟ್ಯೂಬಾ ಪೆಟ್ಟಿಗೆ ಎಲ್ಲವನ್ನೂ ಅವನ ಬಾಯಿಂದ ಬಿಡಿಸಿ ಕೇಳಿ ಮತ್ತೆ ನಕ್ಕಳು. ಆಮೇಲೆ ಬಿಲ್ಲಿನ ಹಿಂದೆ ಒಂದು ಹೊಟ್ಟೆಯ ಚಿತ್ರ ಬರೆದಳು. “ಇದು ಕೊಬ್ಬಲ್ಲಿ ಕರಗೋ ಮದ್ದು. ಊಟ ಇದ್ರೆ, ಊಟದಲ್ಲಿ ಸ್ವಲ್ಪ ಎಣ್ಣೆ ಬೆಣ್ಣೆ ಇದ್ರೆ, ಅದರ ಜೊತೆ ಕೈ ಹಿಡ್ಕೊಂಡು ರಕ್ತಕ್ಕೆ ಹೋಗುತ್ತೆ. ಖಾಲಿ ಹೊಟ್ಟೇಲಿ ಬರೀ ನೀರಲ್ಲಿ ನುಂಗಿದ್ರೆ ಅರ್ಧಕ್ಕಿಂತ ಜಾಸ್ತಿ ಬಂದ ಹಾಗೇ ಹೊರಗೆ.”

“ಅರ್ಧಕ್ಕಿಂತ ಜಾಸ್ತಿ ಸೋರಿಕೆ!” ಹಾಗಲ ತಲೆ ಚಚ್ಚಿಕೊಂಡ. ಇಲಾಖೆಯ ಹಳೇ ಕೊಳವೆಗಳೇ ಕಾಲು ಭಾಗ ಸೋರಿದರೆ ಮೇಲಿನವರು ಕೂಗಾಡುತ್ತಾರೆ.

“ಡಾಕ್ಟರಿಗೆ ಹೇಳಿ ಇದನ್ನ. ಇನ್ಮೇಲೆ ಮಧ್ಯಾಹ್ನ ಊಟದ ಜೊತೆ ತಗೊಳ್ಳಿ. ಮೊಟ್ಟೆ, ಬೆಣ್ಣೆ, ಏನಾದ್ರೂ ಇರಲಿ. ಹಾಗಂತ ಬೆಣ್ಣೇಲಿ ಈಜಬೇಡಿ, ಈ ಮದ್ದು ರಕ್ತದ ಕೊಬ್ಬನ್ನೂ ಏರಿಸುತ್ತೆ.”

ಡಾಕ್ಟರೂ ನಕ್ಕು, ಅದೇ ಅಳತೆ ಊಟದ ಜೊತೆ ಮುಂದುವರಿಯಲಿ ಎಂದರು. ಹಾಗಲ ಮಾತ್ರೆಯನ್ನು ಅಂಗಿಯ ಜೇಬಿಗಿಳಿಸಿ, ಮೀಟರ್ ಸುತ್ತಾಟದ ನಡುವೆ ಒಂದು ಕಟ್ಟೆಯ ಮೇಲೆ ಕೂತು ಬೆಣ್ಣೆ ಹಚ್ಚಿದ ಬ್ರೆಡ್ಡು, ಎರಡು ಮೊಟ್ಟೆಯ ಜೊತೆ ನುಂಗತೊಡಗಿದ. ಒಂಬತ್ತನೇ ದಿನ ಆಕಳಿಸುವಾಗ ಕೆಳತುಟಿ ಚುರ್ರೆಂದಿತು. ಬೆರಳಿಟ್ಟು ನೋಡಿದರೆ ರಕ್ತ. ಅವನು ಮೀಟರ್ ಗುಂಡಿಯ ಮುಚ್ಚಳವನ್ನೂ ಮುಚ್ಚದೆ ಔಷಧಿ ಅಂಗಡಿಗೆ ಓಡಿದ. “ಮೇಡಂ! ಒಡೀತು!” ಎಂದು ಗಂಡುಮಗುವಿನ ಅಪ್ಪನಾದವನಂತೆ ಕೂಗಿದ. ಸಾಲಿನಲ್ಲಿದ್ದ ನಾಲ್ಕು ಜನ ಹಿಂದೆ ತಿರುಗಿ ನೋಡಿದರು. ಅವಳು ತುಟಿಗೆ ಹಚ್ಚುವ ಮುಲಾಮಿನ ಡಬ್ಬಿಯನ್ನು ಅವನತ್ತ ತಳ್ಳಿ, “ಎಷ್ಟು ಸಲ ಆದ್ರೂ ಹಚ್ಕೊಳ್ಳಿ” ಎಂದಳು.

ಆಮೇಲಿನ ಎರಡೂವರೆ ತಿಂಗಳು ಹಾಗಲನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮೊದಲು ಹಣೆ ಆರಿತು. ಆಮೇಲೆ ಎಡಗೆನ್ನೆ. ಗೋಲಿಗಳು ಬಟಾಣಿಗಳಾದವು, ಬಟಾಣಿಗಳು ಸಾಸಿವೆಗಳಾದವು, ಒಂದು ದಿನ ನೋಡಿದರೆ ಕಲೆ ಮಾತ್ರ. ಮೂಗಿನ ಮೇಲಿನ ಜಿಡ್ಡು ಹೋಗಿ ಕನ್ನಡಿ ಕೂಡ ಶುಭ್ರವಾದಂತೆ ಅನ್ನಿಸಿತು. ಓಣಿಯಲ್ಲಿ ಗುಂಡಿಯಿಂದ ಎದ್ದು ಟೋಪಿ ತೆಗೆದು ಬೆವರೊರೆಸಿಕೊಂಡಾಗ ಒಬ್ಬ ಅಜ್ಜಿ, “ಹೊಸಬನೇನಪ್ಪಾ? ಹಳೇ ಹುಡುಗ ಎಲ್ಲಿ ಹೋದ? ಒಳ್ಳೇವ್ನು, ಆದ್ರೆ ಮಾತೇ ಆಡ್ತಿರ್ಲಿಲ್ಲ” ಎಂದಳು. ಹಾಗಲ ಅಜ್ಜಿಯ ಕೈಯನ್ನೇ ಹಿಡಿದು ಕುಲುಕಿಬಿಟ್ಟ. ಮನೆಮನೆಯಲ್ಲೂ ನಿಂತು ಹರಟಿ, ದಿನಕ್ಕೆ ನಲವತ್ತು ಮನೆ ಓದುತ್ತಿದ್ದವನು ಇಪ್ಪತ್ತೈದಕ್ಕೆ ಇಳಿದ. ಎದುರು ಮನೆಯಾಕೆ ತನ್ನ ಮಗಳಿಗೆ ಎರಡು ಮಾತ್ರೆ ಕೇಳಿದಾಗ ಮಾತ್ರ, ತಲೆ ಮೇಲೆ ತಲೆ ಬಿದ್ದರೂ ಕೊಡುವುದಿಲ್ಲ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಎಂದ. “ನಿನ್ನನ್ನ ಇನ್ಮೇಲೆ ಏನಂತ ಕರೆಯೋದೋ?” ಎಂದು ಪೀಪಾಯಿ ದುಃಖಪಟ್ಟ.

ದುಃಖಪಡಲು ಬೇರೆ ಕಾರಣವಿತ್ತು. ಟ್ಯೂಬಾದ ನಾದ ಕೆಡುತ್ತಿತ್ತು. ಊದುವ ತುದಿ ತುಟಿಗೆ ಒತ್ತಿದ ಕೂಡಲೇ ಬಿರುಕು ತೆರೆಯುತ್ತಿತ್ತು, ಮೇಲಿನ ಸ್ವರಗಳಲ್ಲಿ ಗಾಳಿ ಮಾತ್ರ ಬರುತ್ತಿತ್ತು. ಉದ್ಘಾಟನೆಗೆ ಒಂದು ತಿಂಗಳಿರುವಾಗ ಮೇಷ್ಟ್ರು ತಾಳ ತೋರಿಸುವ ಕೋಲು ಕೆಳಗಿಟ್ಟರು.

“ನೀರು ಟ್ಯಾಂಕ್ ಅರ್ಧ ಏರೋಷ್ಟರಲ್ಲಿ ಸೋರಿ ಹೋಗ್ತಿದೆ. ಏನಾಗಿದೆ ನಿನ್ನ ತುಟಿಗೆ?”

ಹಾಗಲ ಎಲ್ಲವನ್ನೂ ಹೇಳಿದ. ಮೇಷ್ಟ್ರು ಹುಬ್ಬು ಗಂಟಿಕ್ಕಿ ಕೇಳಿದರು. “ಅಲ್ಲಯ್ಯಾ, ನಿನ್ನ ಮುಖಕ್ಕೇನಾಗಿತ್ತು?”

“ಮೊಡವೆ ಮೇಷ್ಟ್ರೇ! ನೀವು ನೋಡೇ ಇಲ್ವಾ?”

“ಎಂಟು ವರ್ಷದಿಂದ ನಾನು ನಿನ್ನ ಕೆನ್ನೆ ನೋಡ್ತಿರೋದು ಗಾಳಿ ತುಂಬಿದ್ಯಾ ಇಲ್ವಾ ಅಂತ.” ಅವರು ನಿಜವೇ ಹೇಳುತ್ತಿದ್ದರು. “ಹದಿನೈದು ದಿನ ಕೊಡ್ತೀನಿ. ತುಟಿ ಬಂದ್ರೆ ನೀನು. ಬರ್ಲಿಲ್ಲಾಂದ್ರೆ ಆ ಎರಡೂವರೆ ನಿಮಿಷ ಕತ್ತರಿಸಿ ಹಾಕ್ತೀನಿ. ಅದನ್ನ ಬೇರೆಯವರ ಕೈಗೆ ಕೊಡಲ್ಲ.”

ಡಾಕ್ಟರು ತಕ್ಷಣ ಒಪ್ಪಿದರು. ಮದ್ದು ಬಿಟ್ಟರೆ ಒಂದು ದಿನದೊಳಗೆ ರಕ್ತದಲ್ಲಿ ಅರ್ಧಕ್ಕಿಳಿಯುತ್ತದೆ, ಮರುದಿನ ಕಾಲು ಭಾಗಕ್ಕೆ, ವಾರದಲ್ಲಿ ಹೆಚ್ಚುಕಡಿಮೆ ಖಾಲಿ. ತುಟಿ ಎರಡು ವಾರದಲ್ಲಿ ಸರಿಹೋಗುತ್ತದೆ. ಮುಖ್ಯವಾದದ್ದು ಒಟ್ಟು ಎಷ್ಟು ಮದ್ದು ಮೈಸೇರಿತು ಎಂಬುದು. ಒಂದು ತಿಂಗಳು ನಿಲ್ಲಿಸಿದರೆ ಒಂದು ತಿಂಗಳು ತಡವಾಗಿ ಮುಗಿಯುತ್ತದೆ, ಅಷ್ಟೇ. “ಹಾಡು ಮುಗಿಸ್ಕೊಂಡೇ ಬನ್ನಿ” ಎಂದರು. “ನಿಮ್ಮ ಮುಖ ಎಲ್ಲೂ ಓಡಿ ಹೋಗಲ್ಲ” ಎಂದಳು ಅಂಗಡಿಯ ಹುಡುಗಿ.

ಬಿಟ್ಟ. ತುಟಿ ಕೂಡಿಕೊಂಡಿತು. ಹದಿನೈದನೇ ದಿನ ಪಂಪ್‌ಹೌಸಿನಲ್ಲಿ ನೀರು ಬುಡದಿಂದ ತುದಿಯವರೆಗೆ ಏರಿ ತುಳುಕಿತು. ಮೇಷ್ಟ್ರು ಪಂಪಿನ ಮರೆಗೆ ಹೋಗಿ ಮೂಗು ಸೀಟಿಕೊಂಡು ಬಂದರು.

ಇಲ್ಲಿಗೆ ಕಥೆ ಸುಖವಾಗಿ ಮುಗಿಯಬೇಕಿತ್ತು. ಆದರೆ ಮರುದಿನ ಬೆಳಿಗ್ಗೆ ಕನ್ನಡಿಯಲ್ಲಿ, ಗದ್ದದ ಎಡಭಾಗದಲ್ಲಿ, ಒಂದು ಕೆಂಪು ಚುಕ್ಕೆ ಕಂಡಿತು. ಒಂದೇ ಒಂದು. ಸಾಸಿವೆಯಷ್ಟೂ ಇರಲಿಲ್ಲ. ಹಾಗಲನಿಗೆ ಮಾತ್ರ ಹನ್ನೊಂದು ವರ್ಷಗಳ ಹಳೆಯ ಪಟಾಲಮ್ಮೆಲ್ಲ ಅದರ ಹಿಂದೆ ಸಾಲು ನಿಂತಂತೆ ಕಂಡಿತು. ಊರೆಲ್ಲ ನೋಡುವ ದಿನಕ್ಕೆ ಹದಿನೈದೇ ದಿನ! ಯಾರಿಗೂ ಹೇಳದೆ, ಕೇಳದೆ, ಅವನು ಮಾತ್ರೆಯ ಪಟ್ಟಿ ತೆಗೆದ. ಆ ಮಧ್ಯಾಹ್ನ ಬ್ರೆಡ್ಡಿಗೆ ಎರಡು ಪಟ್ಟು ಬೆಣ್ಣೆ ಹಚ್ಚಿದ. ಹುಚ್ಚು, ಇನ್ನೇನು? ತಾನು ನಿಲ್ಲಬೇಕಾಗಿರುವುದು ಮುಖ ತೋರಿಸಲಿಕ್ಕಲ್ಲ, ಊದಲಿಕ್ಕೆ ಎಂಬುದನ್ನೇ ಮರೆತಿದ್ದ.

ಎರಡನೇ ವಾರಕ್ಕೆ ಬಿರುಕು ವಾಪಸ್ಸು ಬಂತು. ಅಭ್ಯಾಸದಲ್ಲಿ ಮೆಲ್ಲಗೆ ಊದಿ, “ಉಸಿರು ಆ ದಿನಕ್ಕೆ ಉಳಿಸ್ತಿದೀನಿ ಮೇಷ್ಟ್ರೇ” ಎಂದು ತಿಪ್ಪೆ ಸಾರಿಸಿದ.

ಉದ್ಘಾಟನೆಯ ದಿನ ನಾಲ್ಕು ಗಂಟೆಯ ಬಿಸಿಲು. ಹೊಸ ಟ್ಯಾಂಕ್ ಬಿಳಿ ಬಣ್ಣ ಬಳಿದುಕೊಂಡು ಪಾರ್ಕಿನ ಮರಗಳ ಮೇಲೆ ನಿಂತಿತ್ತು. ಮುಂದಿನ ಸಾಲಿನಲ್ಲಿ ಅಮ್ಮ, ಪಕ್ಕದಲ್ಲಿ ತುಂಬು ಬಸುರಿ ಅಕ್ಕ. ಮೂರನೇ ಸಾಲಿನಲ್ಲಿ ದಪ್ಪ ಕನ್ನಡಕ. ಹಾಗಲ ಮರದ ಮರೆಯಲ್ಲಿ ನಿಂತು ತುಟಿಗೆ ಮುಲಾಮು ಬಳಿದ; ಭಯಕ್ಕೆ ಇನ್ನೊಂದು ಪದರ, ಅದರ ಮೇಲೆ ಮತ್ತೊಂದು.

ನದಿ ಹೊರಟಿತು. ಕ್ಲಾರಿನೆಟ್ಟುಗಳು ಹರಿದವು, ಪೀಪಾಯಿಯ ಡ್ರಮ್ಮು ಪಂಪಿನಂತೆ ಬಡಿಯಿತು, ಎಲ್ಲವೂ ನಿಂತವು. ಹಾಗಲ ಮುಂದೆ ಬಂದ. ಮುಖದ ಮೇಲೆ ಬಿಸಿಲು ಬಿತ್ತು. ಅಕ್ಕ ಅಮ್ಮನ ಪಕ್ಕೆಗೆ ತಿವಿದಳು. ಅವನು ಊದಿದ, ನೀರು ಏರಿತು. ಒಂದು ನಿಮಿಷ, ಏನು ಹೇಳಲಿ, ಎಲೆ ಅಲ್ಲಾಡಲಿಲ್ಲ.

ಆಮೇಲೆ ಊದುವ ತುದಿ ಮುಲಾಮಿನ ಮೇಲೆ ಜಾರಿತು.

‘ಪುರ್ರ್‍ರ್’ ಎಂದಿತು ಟ್ಯೂಬಾ. ಸಭೆಯಲ್ಲಿ ಬಿಡಬಾರದ ಸದ್ದು. ಮಕ್ಕಳು ಕಿಸಕ್ಕೆಂದರು. ಅವನು ತೋಳಿನಿಂದ ತುಟಿ ಒರೆಸಿದ. ಒರೆಸಿದ ರಭಸಕ್ಕೆ ಒಣಗಿದ ಸಿಪ್ಪೆಯೂ ಕಿತ್ತು ಬಂತು. ಮತ್ತೆ ಊದಿದ. ರಕ್ತ ಬಂತು, ಸ್ವರ ಬರಲಿಲ್ಲ. ಮತ್ತೆ ಊದಿದ. ಬರಿಯ ಗಾಳಿ. ಮೇಷ್ಟ್ರ ಕೋಲು ಮೇಲೆತ್ತಿದ್ದು ಮೇಲೆಯೇ ನಿಂತಿತ್ತು.

ಅವನಿಗೆ ಗೊತ್ತಾಗದಂತೆ ಕೈಗಳು ತಮ್ಮ ಹಳೆಯ ಕೆಲಸ ಮಾಡಿದವು: ಟ್ಯೂಬಾವನ್ನು ಎತ್ತಿ ಮುಖದ ಮುಂದೆ ತಂದವು. ಎಂಟು ವರ್ಷದ ಗುಡ್ಡ. ಅದರ ಹಿಂದೆ ತಂಪಾಗಿತ್ತು, ಯಾರೂ ಇರಲಿಲ್ಲ. ಹಿತ್ತಾಳೆಯಲ್ಲಿ ಅವನ ಮುಖ ಉದ್ದುದ್ದ ಕಂಡಿತು. ಗದ್ದ ಶುಭ್ರವಾಗಿತ್ತು, ಚುಕ್ಕೆ ಎಂದೋ ಮಾಯವಾಗಿತ್ತು. ಆ ಕ್ಷಣ ಅವನಿಗೆ ಆ ಮುಖ ಬೇಕೆನ್ನಿಸಲಿಲ್ಲ. ನೀರು ಅರ್ಧಕ್ಕೆ ನಿಂತಿತ್ತು, ಅದು ತುದಿ ಮುಟ್ಟಬೇಕಿತ್ತು. ಹದಿನೈದು ವರ್ಷ ಲಾಗ್ ಹಾಳೆಯ ಹಿಂದೆ ಬರೆದವರು ಕೋಲು ಎತ್ತಿಕೊಂಡು ಕಾಯುತ್ತಿದ್ದರು. ನಾಚಿಕೆಯಾಯಿತು, ಮುಖಕ್ಕಾಗಿ ಅಲ್ಲ, ಮೇಷ್ಟ್ರಿಗೆ ಮಾಡಿದ್ದಕ್ಕಾಗಿ.

ಹಾಗಲ ಪಟ್ಟಿ ಕಳಚಿದ. ಟ್ಯೂಬಾವನ್ನು ಹುಲ್ಲಿನ ಮೇಲಿಟ್ಟ. ಬರಿಗೈಯಲ್ಲಿ, ರಕ್ತ ಸುರಿಯುವ ತುಟಿಯಲ್ಲಿ, ಊರ ಮುಂದೆ ನೆಟ್ಟಗೆ ನಿಂತು ಬಾಯಿ ತೆರೆದ.

“ಬೋಂ” ಎಂದ.

ಯಾರೋ ಗೊಳ್ಳೆಂದರು.

“ಬೊಬೋಂ... ಬೊಬೊ ಬೋಂ ಬೋಂ...” ಹಾಡನ್ನು ಎಲ್ಲಿ ಬಿಟ್ಟಿದ್ದನೋ ಅಲ್ಲಿಂದಲೇ ಹಿಡಿದ. ಒಂದು ಸ್ವರ ತಪ್ಪಿಸಲಿಲ್ಲ. ಕೆನ್ನೆಯುಬ್ಬಿಸಿ, ಕೈಯಲ್ಲಿ ಇಲ್ಲದ ಕವಾಟಗಳನ್ನು ಒತ್ತುತ್ತ ಹಾಡಿದ. ನಗು ಅಲೆಯಂತೆ ಎದ್ದಿತು. ಅವನೂ ನಕ್ಕ, ನಗುತ್ತಲೇ ಹಾಡಿದ. ಹಿಂದಿನಿಂದ ಪೀಪಾಯಿ ತಡೆಯಲಾರದೆ ಮೆತ್ತಗೆ ಡ್ರಮ್ಮು ಸೇರಿಸಿದ. ಕ್ಲಾರಿನೆಟ್ಟಿನವರು ವಾದ್ಯ ತೊಡೆಯ ಮೇಲಿಟ್ಟು ಗುನುಗಿದರು. ಮಕ್ಕಳು ಬೋಂ ಎಂದರು, ಅಮ್ಮ ಬೋಂ ಎಂದಳು, ಅಕ್ಕ ಹೊಟ್ಟೆ ಹಿಡಿದುಕೊಂಡು ಬೋಂ ಎಂದಳು. ನೀರು ಏರಿತು, ಏರಿತು, ತುದಿ ಮುಟ್ಟಿ ತುಳುಕಿತು. ಉಳಿದದ್ದು ಕೊನೆಯ ಸ್ವರ, ಎಲ್ಲಕ್ಕಿಂತ ಕೆಳಗಿನದು. ಮನುಷ್ಯರ ಗಂಟಲಿಗೆ ನಿಲುಕುವಂಥದ್ದಲ್ಲ. ಹಾಗಲ ತಡವರಿಸಿದ. ಆಗ ಮೇಷ್ಟ್ರು ಸಭೆಯ ಕಡೆ ತಿರುಗಿ, ಪಂಪಿನ ಸದ್ದಿನ ಮೇಲೆ ಕೂಗಿ ಕೂಗಿ ಪಳಗಿದ ತಮ್ಮ ಒರಟು ದನಿಯಲ್ಲಿ ಆ ಕೊನೆಯ ಬೋಂ ಅನ್ನು ತಾವೇ ಇಟ್ಟರು. ಕಣ್ಣಲ್ಲಿ ನೀರು ಧಾರಾಕಾರ.

ಚಪ್ಪಾಳೆ ನಿಲ್ಲುವ ಮುಂಚೆಯೇ ಮೇಷ್ಟ್ರು ಹಾಗಲನ ಗದ್ದ ಹಿಡಿದು, “ಬಾಯಿ ಬಿಡು” ಎಂದರು. ಮೂಸಿದರು. “ಬೆಣ್ಣೆ!”

“ಹೂಂ ಮೇಷ್ಟ್ರೇ. ತಪ್ಪಾಯ್ತು.”

“ತಿಂದ ಹೊಟ್ಟೇಲೂ ಇಷ್ಟು ಉಸಿರು ಇರುತ್ತಾ?” ಎಂದು ಮೇಷ್ಟ್ರು ಇನ್ನೊಮ್ಮೆ ಮೂಸಿ ನೋಡಿದರು.

ಜನ ಸುತ್ತುವರಿದರು. ಟ್ಯೂಬಾ ಎತ್ತಿಕೊಳ್ಳಲು ಹಾಗಲ ಬಗ್ಗಿದಾಗ ಹಿಂದಿನಿಂದ ಓಣಿಯ ಅಜ್ಜಿ, “ಅಯ್ಯೋ, ಇವ್ನು ನಮ್ಮ ಮೀಟರ್ ಹುಡುಗನೇ! ಈ ಬೆನ್ನು ನನಗೆ ಗೊತ್ತಿಲ್ವಾ!” ಎಂದು ಕೂಗಿದಳು. ಅವಳ ಪಕ್ಕದಿಂದ ದಪ್ಪ ಕನ್ನಡಕ ನುಗ್ಗಿ ಬಂತು. ಹತ್ತಿಯ ಉಂಡೆಯೊಂದನ್ನು ಅವನ ತುಟಿಗೊತ್ತಿ, “ಮಾತ್ರೆ ಬಿಟ್ಟಿದೀನಿ ಅಂದಿದ್ರಿ” ಎಂದಳು. ನಿಜವಾಗಿಯೂ ಸಿಟ್ಟಾಗಿದ್ದಳು.

“ಗದ್ದದ ಮೇಲೆ ಒಂದು ಎದ್ದಿತ್ತು ಮೇಡಂ.”

“ಎಲ್ಲಿ?”

ಹಾಗಲ ಗದ್ದ ಎತ್ತಿ ತೋರಿಸಿದ. ಅವಳು ಕನ್ನಡಕ ಸರಿಪಡಿಸಿಕೊಂಡು ಹತ್ತಿರ ಬಂದು, ಈ ಕಡೆ ನೋಡಿದಳು, ಆ ಕಡೆ ನೋಡಿದಳು. ಬಿಸಿಲು ಚೆನ್ನಾಗಿತ್ತು. ಸುತ್ತ ನೂರಾರು ಜನರಿದ್ದರು.

“ಏನೂ ಕಾಣ್ತಿಲ್ಲ” ಎಂದಳು.

“ಇನ್ನೊಂದ್ಸಲ ನೋಡಿ ಮೇಡಂ” ಎಂದ ಹಾಗಲ, ಮುಖ ಇನ್ನಷ್ಟು ಮೇಲೆತ್ತಿ.